ಫ್ರಾನ್ಸಿನ ಹಳ್ಳಿಯಲ್ಲಿ ಬಾಯಮ್ಮನ ಕಡತಗಳು

2023ರ ಆಗಸ್ಟ್ ತಿಂಗಳು. ಹೊರಗೆ ಬಿಡದೆ ಸುರಿಯುವ ಮಳೆ. ಅಂಚೆಯವರು ಜಗಲಿಯ ಅಂಚಿನಲ್ಲೇ ನಿಂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಲಕೋಟೆಯನ್ನು ನಮ್ಮ ಕೈಗಿತ್ತರು. ಒಳಗಿದ್ದದ್ದು ಒಂದೇ ಹಾಳೆ. ತುಂಬ ಫ್ರೆಂಚ್ ಬರಹ, ಕೆಳಗೆ ದುಂಡನೆಯ ಮೊಹರು, ಒಬ್ಬ ಮೇಯರರ ರುಜು. ಫ್ರಾನ್ಸಿನ ಒಂದು ಹಳ್ಳಿಯಲ್ಲಿರುವ ಇಂಗ್ಲಿಷ್ ಮಹಿಳೆಯೊಬ್ಬರು ಕಾಸರಗೋಡಿನ ನಮ್ಮಿಬ್ಬರನ್ನು ತಮ್ಮ ಮನೆಯಲ್ಲಿ ಉಳಿಸಿಕೊಳ್ಳಲು ಒಪ್ಪಿದ್ದಾರೆ, ಅವರ ಮನೆಯಲ್ಲಿ ಸ್ಥಳವಿದೆ ಎಂದು ಆ ಊರಿನ ಕಚೇರಿ ದೃಢೀಕರಿಸಿದ ಪತ್ರ ಅದು. ಇದರ ಮೂಲಪ್ರತಿ ಇಲ್ಲದೆ ನಮ್ಮಂಥವರಿಗೆ ನಂಟರ ಮನೆಗೆಂದು ವೀಸಾ ಸಿಗುವುದು ಕಷ್ಟ. ಮನೆಗೆ ನಂಟರನ್ನು ಕರೆಯಲೂ ಪಂಚಾಯಿತಿ ಮೊಹರು ಬೇಕೇ ಎಂದು ನೆರೆಯವರು ನಕ್ಕರು. ಬೇಕು ಮಾರಾಯ್ರೇ! 30 ಯೂರೋ ಶುಲ್ಕ ಬೇರೆ.

ಅಂಥದೇ ಪತ್ರ 2018ರಲ್ಲೂ ಬಂದಿತ್ತು. ಆಗ ಅದನ್ನು ಮಾಡಿಸಿ ಕಳುಹಿಸಿದವರು ಮನೆಯ ಯಜಮಾನರು. ಈ ಸಲ ಅವರ ಹೆಸರು ಪತ್ರದಲ್ಲಿರಲಿಲ್ಲ.

ಆ ದಂಪತಿಗಳ ಪರಿಚಯ ಹೇಳಬೇಕು. ನಮ್ಮ ಮಗಳು ದಾದಿಯಾಗಿ ಇಂಗ್ಲೆಂಡಿಗೆ ಹೋದ ಹೊಸತರಲ್ಲಿ ಬಾಡಿಗೆಗೆ ಇದ್ದದ್ದು ಇವರ ಮನೆಯ ಮಾಳಿಗೆಯ ಕೋಣೆಯಲ್ಲಿ. ಇಬ್ಬರೂ ಶಾಲಾ ಶಿಕ್ಷಕರು. ಇಬ್ಬರಿಗೂ ಸೇರಿ ಮಕ್ಕಳಿಲ್ಲ. ಮಾಸ್ತರರಿಗೆ ಮೊದಲ ಮದುವೆಯಿಂದ ಒಬ್ಬ ಮಗನಿದ್ದ. ಮಗಳನ್ನು ಅವರು ಮನೆಮಗಳಂತೆಯೇ ನೋಡಿಕೊಂಡರು. 2011ರಲ್ಲಿ ಅವಳ ಮದುವೆಗೆ ನಮ್ಮೂರಿಗೆ ಬಂದು, ರೋಸಿನ ದಿನ ತಲೆಗೆಲ್ಲ ತೆಂಗಿನ ಹಾಲು ಹಚ್ಚಿಸಿಕೊಂಡು, ಸಣ್ಣ ತಿಂದು ಹೋದವರು. ಆ ಮಹಿಳೆಯನ್ನು ನಮ್ಮ ಕೆಲಸದವರು ಅಂದು ‘ಬಾಯಮ್ಮ’ ಎಂದು ಕರೆದರು. ಅವರಿಗೆ ಆ ಹೆಸರು ಬಹಳ ಹಿಡಿಸಿತು. ನಮಗೂ ಇಲ್ಲಿ ಅದೇ ಸಾಕು.

ಮರುವರ್ಷ, 2012ರಲ್ಲಿ, ಅವರು ಇಂಗ್ಲೆಂಡಿನ ಮನೆ ಮಾರಿ ನೈಋತ್ಯ ಫ್ರಾನ್ಸಿನ ದೋರ್ದೋನ್ಯ್ ಜಿಲ್ಲೆಯ ಉತ್ತರ ಭಾಗದಲ್ಲಿ ಒಂದು ಹಳೆಯ ಕಲ್ಲಿನ ಮನೆ ಕೊಂಡರು. ಅವರೇನೂ ಒಂಟಿಯಲ್ಲ. 2016ರ ಸರಕಾರಿ ಲೆಕ್ಕದ ಪ್ರಕಾರ ಫ್ರಾನ್ಸಿನಲ್ಲಿ ನೆಲೆಸಿದ್ದ ಬ್ರಿಟಿಷರು ಸುಮಾರು ಒಂದೂವರೆ ಲಕ್ಷ. ಅವರಲ್ಲಿ ಬಹಳ ಮಂದಿ ಇರುವುದು ಇಂಥ ನೈಋತ್ಯ ಭಾಗದಲ್ಲೇ. ಬ್ರಿಟನಿಗೆ ಹೋಲಿಸಿದರೆ ಮನೆ ಅಗ್ಗ, ಬಿಸಿಲು ಹೆಚ್ಚು. ಊರಿನ ಯುವಕರು ಪಟ್ಟಣ ಸೇರಿ ಖಾಲಿಬಿದ್ದ ಮನೆಗಳು ಬೇಕಾದಷ್ಟು.

2018ರಲ್ಲಿ ನಾವು ಮೊದಲ ಸಲ ಹೋದಾಗ ಮಾಸ್ತರರು ನಮಗೆ ತೋರಿಸಿದ್ದು ಅರಮನೆಯನ್ನಲ್ಲ, ನದಿಯನ್ನೂ ಅಲ್ಲ. ಒಂದು ಕಪಾಟು! ಅದರ ತುಂಬ ನೀಲಿ, ಹಸಿರು, ಕೆಂಪು ಕಡತಗಳು. “ಈ ದೇಶದಲ್ಲಿ ಕಾಗದ ಎಸೆದವನು ಕೆಟ್ಟ” ಎಂದು ನಗುತ್ತಾ ಒಂದೊಂದನ್ನೇ ತೆಗೆದು ವಿವರಿಸಿದರು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ, ವಿಳಾಸದ ಪುರಾವೆಗೆ ವಿದ್ಯುತ್ ಬಿಲ್ಲು ತನ್ನಿ ಎಂದರಂತೆ. ವಿದ್ಯುತ್ತಿನವರು, ಹಣ ಕಡಿತಕ್ಕೆ ಬ್ಯಾಂಕ್ ಖಾತೆಯ ಚೀಟಿ ಕೊಡಿ ಎಂದರಂತೆ. ಕೊನೆಗೆ ಮನೆ ಕೊಂಡ ದಸ್ತಾವೇಜಿನ ದೃಢೀಕರಣವನ್ನು ನೋಟೇರರು ಬರೆದುಕೊಟ್ಟ ಮೇಲೆ ಗಂಟು ಬಿಚ್ಚಿತು. ನೋಟೇರ್ ಎಂದರೆ ನಮ್ಮಲ್ಲಿ ಮರದ ಕೆಳಗೆ ಕುಳಿತು ಮೊಹರು ಒತ್ತುವ ನೋಟರಿಯಲ್ಲ. ಸರಕಾರವೇ ನೇಮಿಸಿದ ಕಾನೂನು ಪಂಡಿತರು. ಮನೆ ಮಾರಾಟ, ಮದುವೆಯ ಕರಾರು, ಮನೆಯ ಪಾಲು ಎಲ್ಲವೂ ಅವರ ಮೇಜಿನ ಮೇಲೆಯೇ ಆಗಬೇಕು.

ಶೌಚದ ಗುಂಡಿಗೂ ಒಂದು ಕಡತ ಇತ್ತು ಎಂದರೆ ನಂಬುತ್ತೀರಾ? ಊರಿನ ಚರಂಡಿಗೆ ಸೇರದ ಮನೆಗಳ ಗುಂಡಿಯನ್ನು ಪರೀಕ್ಷಿಸಲು ಅಲ್ಲಿ ಪ್ರತ್ಯೇಕ ಇಲಾಖೆಯೇ ಇದೆ. ಮನೆ ಮಾರುವಾಗ ಮೂರು ವರ್ಷಕ್ಕಿಂತ ಹಳೆಯದಲ್ಲದ ವರದಿ ಬೇಕು. ಗುಂಡಿ ನಿಯಮದಂತಿಲ್ಲದಿದ್ದರೆ ಕೊಂಡವನು ಒಂದು ವರ್ಷದೊಳಗೆ ಸರಿಪಡಿಸಬೇಕು. ಇವರ ಮನೆಯದು ಯಾವ ನಿಯಮದಂತೆಯೂ ಇರಲಿಲ್ಲ. ಅಡುಗೆಮನೆಗೆಂದು ಇಟ್ಟ ಹಣ ಗುಂಡಿಗೆ ಹೋಯಿತು.

ಊರಿನ ಪಂಚಾಯಿತಿ ಕಚೇರಿಗೆ ಫ್ರೆಂಚಿನಲ್ಲಿ ‘ಮೇರಿ’ ಎನ್ನುತ್ತಾರೆ. “ಮೇರಿ ಮುಚ್ಚಿದೆ”, “ಮೇರಿಗೆ ಹೋಗಿ ಕೇಳು” ಎಂದು ಅವರು ಹೇಳಿದಾಗಲೆಲ್ಲ ನಮಗೆ ಮಾತೆಯ ನೆನಪಾಗಿ ಒಳಗೊಳಗೇ ನಗು. ಫ್ರಾನ್ಸಿನಲ್ಲಿ ಸುಮಾರು 35,000 ಇಂಥ ಊರುಗಳಿವೆ. ಇನ್ನೂರು ಮುನ್ನೂರು ಜನರ ಹಳ್ಳಿಗೂ ಒಬ್ಬ ಮೇಯರ್, ಒಂದು ಸಭೆ, ಒಬ್ಬರು ಕಾರ್ಯದರ್ಶಿ. ಕಚೇರಿ ವಾರಕ್ಕೆ ಎರಡು ಮೂರು ಹೊತ್ತು ಮಾತ್ರ ತೆರೆದಿರುತ್ತದೆ. ಮಧ್ಯಾಹ್ನ ಹನ್ನೆರಡು ಹೊಡೆದರೆ ಊಟಕ್ಕೆ ಬಾಗಿಲು. ಆ ಊರಿನ ಸಭೆಗೆ 2014ರಲ್ಲಿ ನಮ್ಮ ಮಾಸ್ತರರೂ ಆರಿಸಿ ಬಂದಿದ್ದರು! ಯೂರೋಪಿಯನ್ ಒಕ್ಕೂಟದ ಪ್ರಜೆಗಳು ಒಕ್ಕೂಟದ ಯಾವ ದೇಶದಲ್ಲಿ ನೆಲೆಸಿದ್ದರೂ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು, ಸ್ಪರ್ಧಿಸಬಹುದು. ರಸ್ತೆಗುಂಡಿ ಮುಚ್ಚುವುದು, ಸ್ಮಶಾನದ ಗೋಡೆ ಕಟ್ಟುವುದು ಅವರ ಪಾಲಿಗೆ ಬಂದಿತ್ತು. ಆ ಗೋಡೆಯನ್ನೂ ನಮಗೆ ತೋರಿಸಿದರು.

ಬಾಯಮ್ಮನಿಗೆ ಮಾತ್ರ ಎರಡು ವಿಷಯಗಳಲ್ಲಿ ಸಿಟ್ಟು ಇಳಿದಿರಲಿಲ್ಲ. ಒಂದು, ಜನನಪತ್ರ. ಆರೋಗ್ಯ ವಿಮೆಯ ಹಸಿರು ಕಾರ್ಡಿಗೆ ಅರ್ಜಿ ಹಾಕಿದಾಗ ತಂದೆತಾಯಿಯರ ಹೆಸರಿರುವ ಪೂರ್ಣ ಜನನಪತ್ರ ಬೇಕು, ಅದೂ ಇತ್ತೀಚೆಗೆ ಪಡೆದದ್ದಾಗಿರಬೇಕು, ಪ್ರಮಾಣ ಮಾಡಿದ ಅನುವಾದಕರಿಂದ ಫ್ರೆಂಚಿಗೆ ಮಾಡಿಸಿರಬೇಕು ಎಂದರು. “ನಾನು ಹುಟ್ಟಿದ್ದು 1951ರಲ್ಲಿ. ಮೊನ್ನೆ ಕೊಟ್ಟ ಪತ್ರದಲ್ಲಿ ಬೇರೆ ವರ್ಷ ಹುಟ್ಟಿರುತ್ತೇನೆಯೇ?” ಎಂದು ಆಕೆಯ ಪ್ರಶ್ನೆ.

ಇದಕ್ಕೆ ಉತ್ತರ ನಮಗೆ ತಟ್ಟನೆ ಹೊಳೆಯಿತು. ನಮ್ಮ ಧರ್ಮಕೇಂದ್ರದಲ್ಲಿ ಮದುವೆ ನಿಶ್ಚಯವಾದಾಗ ಗುರುಗಳು ಹೊಸದಾಗಿ ಪಡೆದ ಜ್ಞಾನಸ್ನಾನದ ಪತ್ರ ಕೇಳುತ್ತಾರಲ್ಲವೇ? ಜ್ಞಾನಸ್ನಾನ ಬದಲಾಗುವುದಿಲ್ಲ, ನಿಜ. ಆದರೆ ಆ ದಫ್ತರದ ಅಂಚಿನಲ್ಲಿ ದೃಢೀಕರಣ, ಮದುವೆ ಎಲ್ಲ ಬರೆಯುತ್ತಾರೆ. ಹೊಸ ಪ್ರತಿ ತೆಗೆಸಿದರೆ ಈ ಮೊದಲು ಮದುವೆಯಾಗಿದೆಯೇ ಎಂದು ತಿಳಿಯುತ್ತದೆ. ಫ್ರಾನ್ಸಿನ ಜನನ ದಫ್ತರವೂ ಹಾಗೆಯೇ. ಮದುವೆ, ವಿಚ್ಛೇದನ, ಮರಣ ಎಲ್ಲ ಅದರ ಅಂಚಿನಲ್ಲಿ ಸೇರುತ್ತಾ ಹೋಗುತ್ತವೆ. ಹಾಗಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಅಲ್ಲಿ 1539ರ ರಾಜಾಜ್ಞೆಯಂತೆ ಜ್ಞಾನಸ್ನಾನದ ದಫ್ತರ ಇಡುತ್ತಿದ್ದವರು ಗುರುಗಳೇ. ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಆ ಕೆಲಸ ಊರಿನ ಕಚೇರಿಗೆ ಹೋಯಿತು. ಇಂಗ್ಲೆಂಡಿನ ಜನನಪತ್ರದಲ್ಲಿ ಮದುವೆಯನ್ನೋ ಮರಣವನ್ನೋ ಅಂಚಿನಲ್ಲಿ ಬರೆಯುವ ಪದ್ಧತಿ ಇಲ್ಲ. ಹಾಗಾಗಿ ಹೊಸ ಪ್ರತಿಯಿಂದ ಹೊಸತೇನೂ ತಿಳಿಯುವುದಿಲ್ಲ. ಆದರೂ ಕೇಳುವವರು ಕೇಳುತ್ತಾರೆ. ನಾವು ಇದನ್ನು ವಿವರಿಸಿದಾಗ ಬಾಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಆ ಹುಡುಗಿ ಆವತ್ತೇ ಹೇಳಿದ್ದರೆ ನಾನು ಜಗಳವಾಡುತ್ತಿರಲಿಲ್ಲ” ಎಂದರು.

ಎರಡನೆಯದು ಹೆಸರು. 1794ರ ಒಂದು ಕಾನೂನಿನಂತೆ ಫ್ರಾನ್ಸಿನಲ್ಲಿ ಹುಟ್ಟಿದಾಗ ಬರೆಸಿದ ಹೆಸರೇ ಹೆಸರು. ಗಂಡನ ಹೆಸರನ್ನು ಹೆಂಡತಿ ಬಳಕೆಗೆ ಇಟ್ಟುಕೊಳ್ಳಬಹುದು, ಅಷ್ಟೆ. ತೆರಿಗೆಯ ಕಾಗದ, ಆರೋಗ್ಯದ ಕಾರ್ಡು ಎಲ್ಲದರಲ್ಲೂ ಮುಂದೆ ನಿಲ್ಲುವುದು ತವರಿನ ಹೆಸರು. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಬಾಯಮ್ಮನದು ಗಂಡನ ಮನೆತನದ ಹೆಸರು. ಆಸ್ಪತ್ರೆಯ ಪಡಸಾಲೆಯಲ್ಲಿ ತವರಿನ ಹೆಸರು ಕೂಗಿದರೆ ಇವರು ಏಳುತ್ತಿರಲಿಲ್ಲವಂತೆ. ತೀರಿಹೋದ ತಮ್ಮ ತಾಯಿಯನ್ನು ಯಾರೋ ಕರೆಯುತ್ತಿದ್ದಾರೆ ಎನಿಸುತ್ತಿತ್ತಂತೆ.

ಇವೆಲ್ಲ 2018ರಲ್ಲಿ ಊಟದ ಮೇಜಿನ ಮೇಲಿನ ಹಾಸ್ಯದ ಮಾತುಗಳು. ಆದರೆ ಆಗಲೇ ಮೇಜಿನ ಕೆಳಗೆ ಒಂದು ಭಯವೂ ಇತ್ತು. 2016ರ ಜೂನ್ 23ರಂದು ಬ್ರಿಟನ್ ಒಕ್ಕೂಟವನ್ನು ಬಿಡುವುದೆಂದು ಮತ ಹಾಕಿತ್ತು. ಆ ರಾತ್ರಿ ನಮ್ಮ ಮಾಸ್ತರರು ನಿದ್ದೆ ಮಾಡಿರಲಿಲ್ಲವಂತೆ. ನಾವು ಅವರಿಗೆ ನಮ್ಮ ಕಥೆ ಹೇಳಿದೆವು. 1956ರ ಅಕ್ಟೋಬರ್ 31ರ ರಾತ್ರಿ ನಮ್ಮ ಅಜ್ಜ ಮಲಗಿದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ನವೆಂಬರ್ 1ರ ಬೆಳಿಗ್ಗೆ ಎದ್ದದ್ದು ಕೇರಳದಲ್ಲಿ. ಅದೇ ಮನೆ, ಅದೇ ಕಂಗಿನ ತೋಟ, ಅದೇ ಬಾವಿ. ದಸ್ತಾವೇಜು ಕನ್ನಡದಲ್ಲಿ, ವಿಲೇಜ್ ಆಫೀಸಿನ ಅರ್ಜಿ ಮಲಯಾಳದಲ್ಲಿ. ಅಜ್ಜ ಕೊನೆಯವರೆಗೂ ಅರ್ಜಿ ಬರೆಯಲು ಇನ್ನೊಬ್ಬರ ಮನೆಯ ಜಗಲಿ ಹತ್ತುತ್ತಿದ್ದರು. ಮಾಸ್ತರರು ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. “ನೀವು ಎಲ್ಲಿಗೂ ಹೋಗಲಿಲ್ಲ, ಗಡಿಯೇ ಬಂತು. ನಾವಾದರೋ ಒಮ್ಮೆ ಗಡಿ ದಾಟಿ ಬಂದೆವು, ಈಗ ಅದು ನಮ್ಮ ಹಿಂದೆಯೇ ಬರುತ್ತಿದೆ” ಎಂದರು.

ಬಂದೇ ಬಂತು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಿತ್ತು. ಅದೇ ಮಾರ್ಚ್‌ನಲ್ಲಿ ಫ್ರಾನ್ಸಿನ ಊರುಗಳಿಗೆ ಚುನಾವಣೆ. ಮಾಸ್ತರರು ಸ್ಪರ್ಧಿಸುವಂತಿಲ್ಲ, ಮತ ಹಾಕುವಂತೆಯೂ ಇಲ್ಲ. ದೇಶದ ತುಂಬ ಇಂಥ ಏಳುನೂರಕ್ಕೂ ಹೆಚ್ಚು ಬ್ರಿಟಿಷ್ ಸದಸ್ಯರು ಸ್ಥಾನ ಕಳೆದುಕೊಂಡರು. ಸ್ಮಶಾನದ ಗೋಡೆ ಅರ್ಧಕ್ಕೆ ನಿಂತಿತ್ತು. ಬೇರೆಯವರು ಮುಗಿಸಿದರು.

ಹಳಬರಿಗೆ ರಕ್ಷಣೆ ಇರಲಿಲ್ಲವೆಂದಲ್ಲ. 2020ರ ಡಿಸೆಂಬರ್ 31ರೊಳಗೆ ಅಲ್ಲಿ ನೆಲೆಸಿದ್ದವರು ವಿಶೇಷ ವಾಸ್ತವ್ಯದ ಕಾರ್ಡಿಗೆ ಅರ್ಜಿ ಹಾಕಿದರೆ ಮೊದಲಿನಂತೆಯೇ ಇರಬಹುದಿತ್ತು. ಐದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಿಗೆ ಹತ್ತು ವರ್ಷದ ಕಾರ್ಡು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಅಕ್ಟೋಬರದಲ್ಲಿ ಅದು ಆರಂಭವಾಯಿತು. ಮಾಸ್ತರರು ಕಾಗದಗಳನ್ನೆಲ್ಲ ಒಂದು ನೀಲಿ ಕಡತದಲ್ಲಿ ಹೊಂದಿಸಿಟ್ಟು, ಕ್ರಿಸ್ಮಸ್ ಕಳೆದ ಮೇಲೆ ಇಬ್ಬರದ್ದನ್ನೂ ಒಟ್ಟಿಗೆ ಕಳುಹಿಸೋಣ ಎಂದರಂತೆ. ಡಿಸೆಂಬರ್ ಎರಡನೆಯ ವಾರದಲ್ಲಿ, ಸೌದೆ ಒಡೆಯುತ್ತಿದ್ದಾಗ, ಹೃದಯಾಘಾತ. ಕೊರೋನಾ ಕಾಲ. ಇಂಗ್ಲೆಂಡಿನಿಂದ ಮಗ ಬರಲಾಗಲಿಲ್ಲ, ನಮ್ಮ ಮಗಳಿಗೂ ಹೋಗಲಾಗಲಿಲ್ಲ. ಮಣ್ಣು ಮಾಡುವಾಗ ಬೆರಳೆಣಿಕೆಯ ಮಂದಿ.

ಈ ಸಲ ಲಿಮೋಜ್ ವಿಮಾನ ನಿಲ್ದಾಣಕ್ಕೆ ನಮ್ಮನ್ನು ಕರೆದೊಯ್ಯಲು ಬಾಯಮ್ಮ ಒಬ್ಬರೇ ಕಾರು ನಡೆಸಿಕೊಂಡು ಬಂದಿದ್ದರು. ಚೆಸ್ಟ್‌ನಟ್ ಮರಗಳ ನಡುವಿನ ದಾರಿಯುದ್ದಕ್ಕೂ ಅವರು 2021ರ ಕಥೆ ಹೇಳಿದರು. ನಾವು ನಡುವೆ ಮಾತಾಡಲಿಲ್ಲ.

ಮೊದಲು ನಿಂತದ್ದು ಬ್ಯಾಂಕ್ ಖಾತೆ. ಫ್ರಾನ್ಸಿನಲ್ಲಿ ಒಬ್ಬರ ಹೆಸರಿನ ಖಾತೆ ಅವರು ಸತ್ತ ಸುದ್ದಿ ತಿಳಿದೊಡನೆ ಸ್ತಬ್ಧ. ವಿದ್ಯುತ್ತು, ನೀರು, ದೂರವಾಣಿ, ಎಲ್ಲವೂ ಮಾಸ್ತರರ ಹೆಸರಿನಲ್ಲಿ, ಅವರ ಖಾತೆಯಿಂದಲೇ ಕಡಿತ. ಜನವರಿಯ ಚಳಿಯಲ್ಲಿ ಬಾಕಿ ನೋಟಿಸು ಬಂತು. ಅದೂ ಸತ್ತವರ ಹೆಸರಿಗೆ. ಆಮೇಲೆ ಮಾರ್ಚ್‌ನಲ್ಲಿ ಬಾಯಮ್ಮನಿಗೆ ಎಪ್ಪತ್ತು ತುಂಬಿತು. ಬ್ರಿಟಿಷ್ ಚಾಲನಾ ಪರವಾನಿಗೆ ಎಪ್ಪತ್ತಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸಲು ಬ್ರಿಟನಿನಲ್ಲಿ ವಿಳಾಸ ಬೇಕು. ಫ್ರೆಂಚ್ ಪರವಾನಿಗೆಗೆ ಬದಲಾಯಿಸೋಣವೆಂದರೆ ಎರಡು ದೇಶಗಳ ನಡುವೆ ಒಪ್ಪಂದವೇ ಆಗಿರಲಿಲ್ಲ. ಅದು ಆದದ್ದು ಆ ವರ್ಷದ ಜೂನ್ ಕೊನೆಗೆ. ಅಂಗಡಿಗೆ ಹನ್ನೊಂದು ಕಿಲೋಮೀಟರ್, ವೈದ್ಯರಿಗೆ ಇನ್ನೂ ದೂರ. ಬಸ್ಸಿಲ್ಲ. ಅಲ್ಲಿನ ಹಳ್ಳಿಗಳಲ್ಲಿ ಗಂಟೆಗೆ 45 ಕಿಲೋಮೀಟರ್ ಮೀರದ, ಎರಡೇ ಆಸನದ ಪುಟ್ಟ ಕಾರುಗಳಿವೆ. 1988ಕ್ಕಿಂತ ಮೊದಲು ಹುಟ್ಟಿದವರು ಅದನ್ನು ಪರವಾನಿಗೆಯೇ ಇಲ್ಲದೆ ನಡೆಸಬಹುದು. ನೆರೆಯ ರೈತರ ಕೊಟ್ಟಿಗೆಯಲ್ಲಿ ಅವರ ತಾಯಿಯದೊಂದು ಇತ್ತು. ಬಾಯಮ್ಮ ಅದರಲ್ಲಿ ತಿಂಗಳುಗಟ್ಟಲೆ ಓಡಾಡಿದರು. “ಹಿಂದೆ ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯುತ್ತಿದ್ದವು” ಎಂದು ಹೇಳಿ ಅವರು ನಕ್ಕಾಗ ನಮಗೂ ಉಸಿರು ಬಂತು.

ಮನೆಯದ್ದು ನಗುವ ವಿಷಯವಾಗಿರಲಿಲ್ಲ. ಮಾಸ್ತರರು ಎಲ್ಲ ಕಡತ ಮಾಡಿದವರು, ಉಯಿಲು ಮಾತ್ರ ಬರೆದಿರಲಿಲ್ಲ. ಸತ್ತವರು ಎಲ್ಲಿ ನೆಲೆಸಿದ್ದರೋ ಅಲ್ಲಿನ ಕಾನೂನೇ ಪಾಲಿಗೆ ಅನ್ವಯ ಎಂಬುದು ಒಕ್ಕೂಟದಲ್ಲಿ 2015ರ ಆಗಸ್ಟ್‌ನಿಂದ ನಡೆದುಬಂದ ನಿಯಮ. ತನ್ನ ದೇಶದ ಕಾನೂನು ಬೇಕೆಂದರೆ ಉಯಿಲಿನಲ್ಲಿ ಬರೆದಿಡಬೇಕು. ಬರೆದಿರಲಿಲ್ಲವಲ್ಲ! ಫ್ರೆಂಚ್ ಕಾನೂನಿನಂತೆ, ಮೊದಲ ಮದುವೆಯ ಮಗುವಿದ್ದರೆ, ಗಂಡನ ಪಾಲಿನಲ್ಲಿ ಹೆಂಡತಿಗೆ ಕಾಲು ಭಾಗ ಮಾತ್ರ, ಉಳಿದದ್ದು ಮಗನಿಗೆ. ಆದರೆ ಅದೇ ಕಾನೂನು ಇನ್ನೊಂದನ್ನೂ ಹೇಳುತ್ತದೆ: ತಾನು ಬಾಳಿದ ಮನೆಯಲ್ಲಿ ಬದುಕಿರುವ ತನಕ ಇರುವ ಹಕ್ಕು ವಿಧವೆಗಿದೆ. ಅದು ಬೇಕೆಂದು ಸಾವಿನ ದಿನದಿಂದ ಒಂದು ವರ್ಷದೊಳಗೆ ತಿಳಿಸಬೇಕು. ಬಾಯಮ್ಮನಿಗೆ ಇದು ಗೊತ್ತಿರಲಿಲ್ಲ. ನೋಟೇರರು ಹೇಳಿ ಬರೆಸಿಕೊಂಡಾಗ ಹತ್ತು ತಿಂಗಳು ಕಳೆದಿತ್ತು. ಮಗ ಒಳ್ಳೆಯವನೇ. ಆದರೂ ಒಳ್ಳೆಯತನ ಒಂದು ಕಡೆ, ಕಾಗದ ಇನ್ನೊಂದು ಕಡೆ ಎಂದು ನಮ್ಮೂರ ಪಾಲುಪಟ್ಟಿಗಳನ್ನು ನೋಡಿದ ನಮಗೆ ಬೇರೆ ಹೇಳಬೇಕೇ?

ಎಲ್ಲಕ್ಕಿಂತ ದೊಡ್ಡದು ವಾಸ್ತವ್ಯದ ಕಾರ್ಡು. ಅರ್ಜಿಯ ಕೊನೆಯ ದಿನ ಮೊದಲು ಜೂನ್ 30 ಇದ್ದದ್ದು ಸೆಪ್ಟೆಂಬರ್ 30ಕ್ಕೆ ಮುಂದೆ ಹೋಯಿತು. 2012ರಿಂದ ಇಲ್ಲೇ ಇದ್ದೇನೆ ಎಂಬುದಕ್ಕೆ ಪುರಾವೆ ಕೊಡಬೇಕು. ಬಾಯಮ್ಮ ಕಪಾಟು ತೆರೆದು ಒಂದೊಂದೇ ಬಿಲ್ಲು ತೆಗೆದರು. ಎಲ್ಲದರಲ್ಲೂ ಗಂಡನ ಹೆಸರು ಮಾತ್ರ. ಒಂಬತ್ತು ವರ್ಷ ಅಡುಗೆ ಮಾಡಿದ, ತೋಟ ಮಾಡಿದ, ಆ ಊರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ ಹೆಂಗಸು ಕಾಗದದ ಮೇಲೆ ಎಲ್ಲೂ ಇರಲಿಲ್ಲ. “ಆ ರಾತ್ರಿ ನನಗೆ ಅಳು ಬಂದದ್ದು ಅವರು ಸತ್ತದ್ದಕ್ಕಲ್ಲ, ನಾನು ಇಲ್ಲವೇ ಇಲ್ಲವಲ್ಲ ಎಂದು” ಎಂದರು.

ದಾರಿ ತೋರಿಸಿದವರು ಮೇರಿಯ ಕಾರ್ಯದರ್ಶಿ. ತೆರಿಗೆಯ ಕಾಗದ ಎಲ್ಲಿ ಎಂದು ಕೇಳಿದರಂತೆ. ಫ್ರಾನ್ಸಿನಲ್ಲಿ ಗಂಡಹೆಂಡಿರು ಒಂದೇ ಕುಟುಂಬವಾಗಿ ತೆರಿಗೆ ವಿವರ ಸಲ್ಲಿಸುತ್ತಾರೆ. ವರ್ಷವರ್ಷವೂ ಬಂದ ಆ ತೆರಿಗೆ ಪತ್ರದಲ್ಲಿ ಎರಡನೆಯ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರಿತ್ತು. ಅದೇ ತವರಿನ ಹೆಸರು! ಬಾಯಮ್ಮ ಯಾರನ್ನು ಇಷ್ಟು ವರ್ಷ ತಾನಲ್ಲ ಎಂದು ಬೈಯುತ್ತಿದ್ದರೋ, ಆಕೆ ಪ್ರತಿ ವರ್ಷವೂ ಸುಮ್ಮನೆ ಹಾಜರಿ ಹಾಕಿದ್ದಳು. ಪಾಸ್‌ಪೋರ್ಟಿನವರೂ ತೆರಿಗೆಯವರೂ ಒಬ್ಬರೇ ಎಂದು ತೋರಿಸಲು ಮದುವೆಯ ಪತ್ರಕ್ಕೆ ಅನುವಾದ ಮಾಡಿಸಿದರು. ಪಕ್ಕದ ಪಟ್ಟಣದಲ್ಲಿ, ಹಳ್ಳಿಗರಿಗೆ ಸರಕಾರಿ ಅರ್ಜಿಗಳಲ್ಲಿ ನೆರವಾಗಲೆಂದು ತೆರೆದ ಕೇಂದ್ರವೊಂದರಲ್ಲಿ, ಒಬ್ಬ ಹುಡುಗ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿಕೊಟ್ಟ. ಜಿಲ್ಲಾ ಕಚೇರಿಯಲ್ಲಿ ಬೆರಳಚ್ಚು ಕೊಡಲು ಹೋದರೆ ಯಂತ್ರ ಓದಲೊಲ್ಲದು. ಮಣ್ಣಿನ ಕೆಲಸ ಮಾಡಿ ಬೆರಳು ಸವೆದಿತ್ತು. ನಾಲ್ಕನೆಯ ಸಲಕ್ಕೆ ಓದಿತು. ನವೆಂಬರದಲ್ಲಿ ಕಾರ್ಡು ಬಂತು, ಹತ್ತು ವರ್ಷದ್ದು.

ಆಮೇಲೆ ಬಂದವರ ಪಾಡು ಬೇರೆಯೇ. 2021ರ ನಂತರ ನೆಲೆಸಲು ಹೋಗುವ ಬ್ರಿಟಿಷರು ನಮ್ಮಂತೆಯೇ ವೀಸಾದ ಸಾಲಿನಲ್ಲಿ ನಿಲ್ಲಬೇಕು. ವೀಸಾ ಇಲ್ಲದಿದ್ದರೆ, ಅಲ್ಲಿ ಸ್ವಂತ ಮನೆಯಿದ್ದರೂ 180 ದಿನಗಳಲ್ಲಿ 90 ದಿನ ಮಾತ್ರ. ಬಾಯಮ್ಮನ ಎದುರುಮನೆ ಅಂಥದೊಂದು ದಂಪತಿಗಳದು. ನಾವು ಹೋದಾಗ ಅದರ ನೀಲಿ ಕಿಟಕಿಗಳು ಮುಚ್ಚಿದ್ದವು. ದಿನ ಮುಗಿದಿತ್ತು.

ನಾವು ಅಲ್ಲಿದ್ದಾಗಲೇ ನವೆಂಬರ್ 1 ಬಂತು. ಸಕಲ ಸಂತರ ಹಬ್ಬ. ಫ್ರಾನ್ಸಿನಲ್ಲಿ ಅದು ಸಾರ್ವತ್ರಿಕ ರಜೆ. ಎಲ್ಲರೂ ಸೇವಂತಿಗೆಯ ಕುಂಡ ಹಿಡಿದು ಸಮಾಧಿಗಳಿಗೆ ಹೋಗುತ್ತಾರೆ. ನಮ್ಮ ಕಡೆಯವರಿಗೆ ಅದು ಮತ್ತೊಂದು ದಿನವೂ ಹೌದೆಂದು ಬಾಯಮ್ಮನಿಗೆ ನೆನಪಿತ್ತು. “ನಿಮ್ಮ ಅಜ್ಜನ ದಿನ” ಎಂದರು. ಮೂರು ಕುಂಡ ಕೊಂಡರು. ಒಂದು ಮಾಸ್ತರರಿಗೆ, ಒಂದು ಪುಟ್ಟ ಕಾರಿನ ಒಡತಿಯಾಗಿದ್ದ ಆ ರೈತರ ತಾಯಿಗೆ. ಮೂರನೆಯದನ್ನು ನಮ್ಮ ಕೈಗಿತ್ತು, ನಿಮ್ಮ ಅಜ್ಜನಿಗೆಂದು ಶಿಲುಬೆಯ ಬುಡದಲ್ಲಿಡಿ ಎಂದರು.

ಮಾಸ್ತರರು ಮಲಗಿರುವುದು ಅವರೇ ಅರ್ಧ ಕಟ್ಟಿಸಿದ ಗೋಡೆಯ ಪಕ್ಕದಲ್ಲಿ. ಆ ಜಾಗಕ್ಕೂ ಕಾಗದ ಇದೆ. ಸಮಾಧಿಯ ನೆಲವನ್ನು ಊರಿನ ಕಚೇರಿ ಇಷ್ಟು ವರ್ಷಕ್ಕೆಂದು ಬರೆದುಕೊಡುತ್ತದೆ. ಇವರದು ಮೂವತ್ತು ವರ್ಷ, ಇಬ್ಬರಿಗೆ. ಮನೆಗೆ ಬಂದ ಮೇಲೆ ಬಾಯಮ್ಮ ಅದನ್ನು ಕಡತದಿಂದ ತೆಗೆದು ತೋರಿಸಿದರು. ಮೊದಲ ಸಾಲಿನಲ್ಲಿ ಮಾಸ್ತರರ ಹೆಸರು. ಎರಡನೆಯ ಸಾಲಿನಲ್ಲಿ ಬಾಯಮ್ಮನ ತವರಿನ ಹೆಸರು, ಅದರ ಮುಂದೆ ಸಣ್ಣ ಅಕ್ಷರದಲ್ಲಿ ಗಂಡನ ಹೆಸರು. “ಈಗ ಕೂಗಿದರೆ ಏಳುತ್ತೇನೆ” ಎಂದು ಹೇಳಿ, ಕಾಗದವನ್ನು ಮಡಚದೆ ನೀಲಿ ಕಡತದೊಳಗಿಟ್ಟು, ಒಲೆಗೆ ಸೌದೆ ಹಾಕಲು ಎದ್ದರು.